ಹೆಸರಿಗೆ ಮಾತ್ರ

"ನಿನ್ನ ಆಧಾರ್ ಕಾರ್ಡ್ ಕೊಡು ಮುದ್ದಯ್ಯ. ನಿನ್ನ ಹೆಸರಿಗೆ ಒಂದು ಕಾರು ಮಾಡ್ತೀವಿ," ಎಂದ ಶೋರೂಮಿನ ಮ್ಯಾನೇಜರ್.

ಕಾವಲುಗಾರ ಮುದ್ದಯ್ಯ ಗಾಬರಿಯಾದ. "ನಂಗ್ಯಾಕೆ ಸಾರ್ ಕಾರು? ಓಡ್ಸಕ್ಕೂ ಬರಲ್ಲ ನಂಗೆ."

"ಹೆಸರಿಗೆ ಮಾತ್ರ ಕಣೋ. ಇವತ್ತು ತಿಂಗಳ ಕೊನೆ, ಟಾರ್ಗೆಟ್‌ಗೆ ಒಂದು ಕಾರು ಕಡಿಮೆ ಬಿದ್ದಿದೆ. ನಿನ್ನ ಹೆಸರಲ್ಲಿ ರಿಜಿಸ್ಟ್ರೇಷನ್ ಆಗ್ಬಿಟ್ರೆ ಕಂಪನಿಗೆ ಅದು ಮಾರಾಟ ಆದ ಲೆಕ್ಕ. ಗಿರಾಕಿ ಸಿಕ್ಕಿದ ಮೇಲೆ ಅವರ ಹೆಸರಿಗೆ ಬದಲಾಯಿಸಿದ್ರಾಯ್ತು."

ಮುದ್ದಯ್ಯನಿಗೆ ಹಾರ ಹಾಕಿ, ಕೈಗೆ ಕೀ ಕೊಟ್ಟು ಫೋಟೊ ತೆಗೆದರು. ಫೋಟೊ ಕಂಪನಿಗೆ ಹೋಯಿತು. ಕೀ ವಾಪಸ್ ಮ್ಯಾನೇಜರನ ಡ್ರಾಯರಿಗೆ ಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ, ಶೋರೂಮಿನ ಹಿತ್ತಲಲ್ಲಿ ಸೇಲ್ಸ್‌ಮನ್ ಒಬ್ಬ ಅವಸರದಲ್ಲಿ ರಿವರ್ಸ್ ತೆಗೆದ ಕಾರು ಮುದ್ದಯ್ಯನನ್ನು ಗೋಡೆಗೆ ಒತ್ತಿ ಕೊಂದುಹಾಕಿತು.

"ಮಕ್ಳನ್ನ ಹೆಂಗೆ ಸಾಕ್ಲಿ ಸಾಮಿ?" ಠಾಣೆಯಲ್ಲಿ ಅವನ ಹೆಂಡತಿ ಕೇಳಿದಳು.

"ಅಳಬೇಡಮ್ಮ. ಓಡಿಸಿದೋನು ಯಾರೇ ಆಗಿರ್ಲಿ, ಪರಿಹಾರಕ್ಕೆ ಗಾಡಿ ಮಾಲೀಕನೇ ಜವಾಬ್ದಾರಿ," ಎಂದ ಪೊಲೀಸು, ಕಾರಿನ ನಂಬರನ್ನು ಕಂಪ್ಯೂಟರಿಗೆ ಹಾಕುತ್ತ.

"ಆವಯ್ಯ ತಪ್ಪಿಸ್ಕೊಂಡು ಹೋದ್ರೆ?"

"ಎಲ್ಲಿಗೆ ಹೋಗ್ತಾನೆ? ಎಲ್ಲಿದ್ರೂ ಹಿಡ್ಕೊಂಡು ಬರ್ತೀವಿ."

"ಏನಂತೆ ಸಾಮಿ ಅವನ ಹೆಸ್ರು?"

ಪೊಲೀಸು ಪರದೆಯ ಕಡೆ ಬಗ್ಗಿ, ಗಟ್ಟಿಯಾಗಿ ಓದತೊಡಗಿದವನು, ಕೊನೆಗೆ ಬರುವಷ್ಟರಲ್ಲಿ ದನಿ ತಗ್ಗಿಸಿದ.

"ಮುದ್ದಯ್ಯ ಬಿನ್ ಕೆಂಚಯ್ಯ."