ಹಿಂದಿನ ಲಿಫ್ಟು

ಮಾಗಿಯ ಒಂದು ಬೆಳಗ್ಗೆ, ಹಾಲು ಬರುವ ಹೊತ್ತಿಗೆ, ಹನ್ನೆರಡನೇ ಮಹಡಿಯ ಸುಗುಣಳ ಮಾವ ತೀರಿಕೊಂಡರು. ಹೆಣ ಇಳಿಸಲು ಹೋದರೆ ಲಿಫ್ಟಿಗೆ ಅಡ್ಡವಾಗಿ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ ಪಂಕಜಾಕ್ಷಮ್ಮ ನಿಂತಿದ್ದರು.

"ಇದರಲ್ಲಿ ಬೇಡ ಕಣಮ್ಮ. ನಾವು ಇದರಲ್ಲೇ ದೇವಸ್ಥಾನಕ್ಕೆ ಹೋಗಬೇಕು."

"ಮತ್ತೆ ಹೇಗೆ ಇಳಿಸಲಿ ಆಂಟಿ?"

"ಹಿಂದೆ ಕಸದ ಲಿಫ್ಟಿದೆಯಲ್ಲ. ಮೆಟ್ರೊ, ಮಾಲು ಎಲ್ಲ ಕಾಲಬುಡದಲ್ಲಿರುವ ಜಾಗ ಇದು. ಇಲ್ಲಿ ಬದುಕೋಕೆ ಒಂದು ಮಟ್ಟ ಬೇಕು."

"ಅವರು ಬದುಕಿಲ್ಲ ಆಂಟಿ," ಎಂದಳು ಸುಗುಣ.

ಅಂದಿನಿಂದ ಎಲ್ಲ ಹೆಣಕ್ಕೂ ಅದೇ ನಿಯಮವಾಯಿತು. ಪಂಕಜಾಕ್ಷಮ್ಮನ ಮನೆ ಇಪ್ಪತ್ತೆರಡನೇ ಮಹಡಿಯಲ್ಲಿ. ಇಲ್ಲಿಂದ ಸ್ವರ್ಗಕ್ಕೆ ಮೂರೇ ಗೇಣು ಎಂದು ಬಂದವರಿಗೆಲ್ಲ ಬಾಲ್ಕನಿ ತೋರಿಸುತ್ತಿದ್ದರು.

ಆಕೆ ಹೋದದ್ದು ಯುಗಾದಿಯ ಮಾರನೇ ದಿನ, ಸೋಮವಾರ. ಹಬ್ಬದ ಕಸವೆಲ್ಲ ಇಳಿದ ಮೇಲೆ ಆಕೆಯ ಸರದಿ ಬಂತು.