ಹೆಸರಿಲ್ಲದ ಸ್ಟೇಷನ್

"ಬೇಗ ಸ್ವಾಮಿ. ಈ ಹೊತ್ತಿಗೇ ಅಲ್ವಾ ಅವನು ಬರೋದು?"

ಸಬ್ ಇನ್ಸ್‌ಪೆಕ್ಟರ್ ಕೋದಂಡರಾಮಪ್ಪ ಅವಸರಪಡಿಸಿದ. ಆವನಿ ಬೆಟ್ಟದ ಬಂಡೆ ಮಧ್ಯಾಹ್ನದ ಬಿಸಿಲಿಗೆ ಕಾದು ಹೆಂಚಿನಂತಾಗಿತ್ತು. ಅದರ ಮೇಲೇ ಕುಕ್ಕರಗಾಲಿನಲ್ಲಿ ಕೂತು ರಾಘವೇಂದ್ರ ಚೀಲ ಬಿಚ್ಚಿದ. ಚಿಕ್ಕ ರೇಡಿಯೊ ಸೆಟ್ಟು, ಬ್ಯಾಟರಿ, ಸಂಕೇತ ಒತ್ತುವ ಮೋರ್ಸ್ ಕೀ, ತಾಮ್ರದ ತಂತಿ. ಕೊನೆಗೆ, ಬಿಸ್ಕತ್ತಿನ ಡಬ್ಬದೊಳಗೆ ತಾನೇ ಕಟ್ಟಿದ್ದ ಆಂಟೆನಾ ಟ್ಯೂನರ್.

ಎಂಬತ್ತೆರಡರ ಆ ಬೇಸಿಗೆಯಲ್ಲಿ ಮುಳಬಾಗಿಲಿನ ಸುತ್ತಮುತ್ತ ಯಾರೋ ಲೈಸೆನ್ಸ್ ಇಲ್ಲದೆ ರೇಡಿಯೊದಲ್ಲಿ ಗಿಡ್ಡ-ಉದ್ದ ಸದ್ದುಗಳ ಮೋರ್ಸ್ ಸಂಕೇತ ಕಳಿಸುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಊರೂ ಹೇಳುತ್ತಿರಲಿಲ್ಲ. ಆಂಧ್ರದ ಗಡಿ ಹತ್ತಿರ. ಕಳ್ಳಸಾಗಣೆಯವರೇ ಇರಬೇಕೆಂದು ಮೇಲಿನವರು ಅನುಮಾನಪಟ್ಟರು. ಹಿಡಿದು ಒಳಗೆ ಹಾಕಿ ಎಂದು ಕೋಲಾರದಿಂದ ಆದೇಶ ಬಂತು. ಊರಿನಲ್ಲಿ ಹವ್ಯಾಸಿ ರೇಡಿಯೊ ಲೈಸೆನ್ಸ್ ಇದ್ದವನು ಲೆಕ್ಕಪರಿಶೋಧಕ ರಾಘವೇಂದ್ರ ಒಬ್ಬನೇ. ಕೋದಂಡರಾಮಪ್ಪ ಬೆಳಿಗ್ಗೆ ನೇರವಾಗಿ ಅವನ ಕಚೇರಿಗೇ ಬಂದ. ಬೆಟ್ಟಗುಡ್ಡಗಳಿಗೆ ಒಯ್ಯುವ ಸೆಟ್ಟು ಅಲ್ಲಿನ ಬೀರುವಿನಲ್ಲೇ ಇತ್ತು.

"ಮನೇಗೆ ಒಂದು ಮಾತು ಹೇಳಿ ಬರ್ತೀನಿ ಸಾರ್," ಎಂದಿದ್ದ ರಾಘವೇಂದ್ರ.

"ಆಮೇಲೆ ಹೇಳಿದ್ರಾಯ್ತು. ಹತ್ತಿ ಜೀಪು."

ಇವತ್ತು ಆವನಿ, ನಾಳೆ ಶ್ರೀನಿವಾಸಪುರ, ನಾಡಿದ್ದು ಮಾಲೂರಿನ ಕಡೆ. ಎಲ್ಲಿ ಸದ್ದು ಜೋರಾಗಿ ಕೇಳುತ್ತದೋ ಅಲ್ಲೇ ಆಸಾಮಿ ಇದ್ದಾನೆ. ಯೋಜನೆ ಅಷ್ಟೇ.

ರಾಘವೇಂದ್ರ ತಂತಿಯ ತುದಿಗೆ ಕಲ್ಲು ಕಟ್ಟಿ ಮರದ ಕೊಂಬೆಗೆ ಎಸೆದ. ಎರಡು ಸಲ ಗುರಿ ತಪ್ಪಿತು. ಸೆಟ್ಟು ಹಚ್ಚಿದಾಗ ಗೊರಗೊರ ಸದ್ದಿನ ನಡುವೆ ಸಣ್ಣ ಶಿಳ್ಳೆಯಂಥ ದನಿ ಎದ್ದಿತು. ಗಿಡ್ಡ, ಉದ್ದ, ಗಿಡ್ಡ.

"ಏನಂತಾನೆ?" ಕೋದಂಡರಾಮಪ್ಪ ಬಗ್ಗಿದ.

"ಯಾರಾದ್ರೂ ಇದೀರಾ ಅಂತ ಕೇಳ್ತಿದಾನೆ ಸಾರ್."

"ಅಷ್ಟೇನಾ?"

"ಅಷ್ಟೇ. ಅದನ್ನೇ ತಿರುಗಿ ತಿರುಗಿ ಕೇಳ್ತಿದಾನೆ."

"ಜೋರಾಗೇ ಇದೆಯಲ್ಲ. ಹತ್ತಿರದವನೇ ಅಂತಾಯ್ತು."

"ಈಗಲೇ ಹೇಳಕ್ಕಾಗಲ್ಲ ಸಾರ್. ಟ್ಯೂನರ್ ಇನ್ನೂ ಹೊಂದಿಲ್ಲ."

ತಂತಿ ಕಟ್ಟಿದ ಜಾಗ ಬದಲಾದಂತೆಲ್ಲ ತಂತಿಗೂ ಸೆಟ್ಟಿಗೂ ಹೊಂದಾಣಿಕೆ ತಪ್ಪುತ್ತದೆ. ಅದನ್ನು ಸರಿಪಡಿಸುವುದೇ ಆ ಡಬ್ಬದ ಕೆಲಸ. ರಾಘವೇಂದ್ರ ಶಿಳ್ಳೆ ನಿಲ್ಲುವವರೆಗೆ ಕಾದ. ಆಮೇಲೆ ಎಡಗೈಯಲ್ಲಿ ಟ್ಯೂನರಿನ ನಾಬ್ ತಿರುಗಿಸುತ್ತ ಬಲಗೈಯಲ್ಲಿ ಕೀ ಒತ್ತಿದ. ಡಬ್ಬದ ಮೇಲಿನ ಪುಟ್ಟ ಬಲ್ಬು ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಅವನ ಹಣೆಯ ಬೆವರು ಕೀಯ ಮೇಲೆ ತೊಟ್ಟಿಕ್ಕಿತು.

"ಬರೀ ಕೇಳೋದಕ್ಕೂ ಕೀ ಒತ್ತಬೇಕಾ ಸ್ವಾಮಿ?"

ರಾಘವೇಂದ್ರನ ಕೈ ಒಂದು ಗಳಿಗೆ ನಿಂತಿತು. "ಬಲ್ಬು ನೋಡ್ಕೊಂಡು ಹೊಂದಿಸಬೇಕು ಸಾರ್. ಒತ್ತದಿದ್ರೆ ಅದು ಉರಿಯಲ್ಲ."

"ಹೌದಾ. ಒತ್ತಿ, ಒತ್ತಿ." ಕೋದಂಡರಾಮಪ್ಪ ಟೋಪಿ ತೆಗೆದು ಬಂಡೆಗೆ ಒರಗಿ ಕಣ್ಣು ಮುಚ್ಚಿದ.

ಬಲ್ಬು ಇನ್ನೊಂದಿಷ್ಟು ಹೊತ್ತು ಮಿನುಗಿತು. ಆಮೇಲೆ ರಾಘವೇಂದ್ರ ಕೀ ಬಿಟ್ಟ. ಗೊರಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಶಿಳ್ಳೆ ತಿರುಗಿ ಬರಲಿಲ್ಲ.

"ಹೋದನಾ?" ಕಣ್ಣು ತೆರೆಯದೆಯೇ ಕೇಳಿದ ಇನ್ಸ್‌ಪೆಕ್ಟರ್.

"ಹೋದ ಹಾಗಿದೆ ಸಾರ್."

"ಸರಿ, ಗಂಟು ಕಟ್ಟಿ. ನಿಮ್ಮನೇಗೆ ಹೋಗೋಣ."

"ನಮ್ಮನೇಗಾ?"

"ಬಾಯಾರಿಕೆ ಸ್ವಾಮಿ. ನೀರು ಕೊಡಲ್ವಾ?"

ಜೀಪು ಕೋದಂಡರಾಮಪ್ಪನೇ ಓಡಿಸಿದ.

ಬಾಗಿಲು ತೆರೆದವಳು ರಾಘವೇಂದ್ರನ ಅಕ್ಕ ಅಂಬಾಬಾಯಿ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಆ ಹೊಸಿಲು ದಾಟಿದ್ದು ಕಡಿಮೆ. ಪೊಲೀಸಿನವನನ್ನು ಕಂಡು ಸೆರಗು ಹೊದ್ದುಕೊಂಡು ನೀರು ತರಲು ಒಳಗೆ ಹೋದಳು.

ಪಡಸಾಲೆಯ ಮೇಜಿನ ಮೇಲೆ ರಾಘವೇಂದ್ರನ ದೊಡ್ಡ ಸೆಟ್ಟಿತ್ತು. ಕೋದಂಡರಾಮಪ್ಪ ಅದರ ಮೇಲೆ ಅಂಗೈ ಇಟ್ಟ. ತೆಗೆಯಲಿಲ್ಲ.

"ಬೆಚ್ಚಗಿದೆ."

"ಕಿಟಕಿಯಿಂದ ಬಿಸಿಲು ಬೀಳತ್ತೆ ಸಾರ್," ಎಂದ ರಾಘವೇಂದ್ರ.

ಇನ್ಸ್‌ಪೆಕ್ಟರ್ ತಿರುಗಿ ನೋಡಿದ. ಕಿಟಕಿ ಮುಚ್ಚಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಂಬಾಬಾಯಿಯ ಕೈಯಲ್ಲಿದ್ದ ಚೊಂಬಿನ ನೀರು ತುಳುಕಿ ನೆಲಕ್ಕೆ ಬಿತ್ತು.

"ಈ ವರ್ಷ ಬಿಸಿಲೇ ಹಂಗಿದೆ," ಎಂದ ಕೋದಂಡರಾಮಪ್ಪ. ಚೊಂಬು ಇಸಿದುಕೊಂಡು ಎತ್ತಿ ಕುಡಿದ. "ಹೆದರ್ಕೋಬೇಡಿ ಅಮ್ಮಾ. ನಿಮ್ಮ ತಮ್ಮನ್ನ ಸುಮ್ಮನೆ ಸುತ್ತಾಡಿಸಿಬಿಟ್ಟೆ. ಆವನಿ ಕಡೆ ಏನೂ ಸಿಗಲಿಲ್ಲ ಅಂತ ಮೇಲಕ್ಕೆ ಹೇಳ್ತೀನಿ. ಬರ್ತೀನಿ."

ರಾಘವೇಂದ್ರ ಬಾಗಿಲು ಹಾಕಿ ಅಗುಳಿ ಜಡಿದ. ಅಂಬಾಬಾಯಿ ಗೋಡೆಗೆ ಒರಗಿ ಕೂತಳು.

"ನೀನು ನಿಲ್ಸಕ್ಕ, ನಿಲ್ಸಕ್ಕ ಅಂತ ಮೂರು ಸಲ ಕೀ ಹೊಡೆದೆ. ನಿನ್ನ ಕೈ ನಡುಗ್ತಿತ್ತು ಕಣೋ. ಮೊದಲನೇ ಸಲ ತಿಳೀಲೇ ಇಲ್ಲ."

"ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕೂತಿದ್ರು ಅಕ್ಕ. ಅವರಿಗೆ ಮೋರ್ಸ್ ಗೊತ್ತಿದ್ದಿದ್ರೆ ಇಷ್ಟು ಹೊತ್ತಿಗೆ ಇಬ್ಬರೂ ಸ್ಟೇಷನ್ನಲ್ಲಿ ಇರ್ತಿದ್ವಿ. ಪರೀಕ್ಷೆ ಕಟ್ಟು, ಲೈಸೆನ್ಸ್ ತಗೋ ಅಂತ ಎಷ್ಟು ಸಲ ಹೇಳಿಲ್ಲ ನಾನು?"

"ನನ್ನಂಥೋಳು ಈ ವಯಸ್ಸಲ್ಲಿ ಬೆಂಗ್ಳೂರಿಗೆ ಹೋಗಿ ಗಂಡಸರ ಮಧ್ಯೆ ಪರೀಕ್ಷೆಗೆ ಕೂತ್ಕೊಂಡ್ರೆ ಜನ ಏನಂತಾರೆ? ಅಲ್ಲಿ ರೇಡಿಯೊದಲ್ಲಾದ್ರೆ ನಾನು ಯಾರು ಅಂತ ಯಾರೂ ಕೇಳಲ್ಲ ಕಣೋ." ಅವಳು ಮೇಜಿನ ಮೇಲಿನ ಸೆಟ್ಟಿನತ್ತ ನೋಡಿದಳು. "ಬಿಡು. ಇನ್ನು ಮುಟ್ಟಲ್ಲ."

ಬೀದಿಯಲ್ಲಿ ಜೀಪು ಹೊರಟ ಸದ್ದು. ತಿರುವಿನಲ್ಲಿ ಹಾರನ್ ಗಿಡ್ಡಕ್ಕೆ ಕೂಗಿತು. ನಿಂತಿತು. ಮತ್ತೆ ಕೂಗಿತು, ಈ ಸಲ ಉದ್ದಕ್ಕೆ.

"ಹಸು ಅಡ್ಡ ಬಂದಿರಬೇಕು," ಎಂದ ರಾಘವೇಂದ್ರ.

ಅಂಬಾಬಾಯಿ ಸುಮ್ಮನಿರು ಎಂದು ಕೈಯೆತ್ತಿದಳು. ಹಾರನ್ ಕೂಗುತ್ತಲೇ ಇತ್ತು, ಗಿಡ್ಡ, ಗಿಡ್ಡ, ಉದ್ದ. ಅವಳ ತುಟಿಗಳು ಒಂದೊಂದೇ ಅಕ್ಷರವನ್ನು ಹಿಡಿಯುತ್ತಿದ್ದವು. ಹಾರನ್ ನಿಂತ ಮೇಲೂ ಕೈ ಕೆಳಗಿಳಿಯಲಿಲ್ಲ.

"'ಎಕ್ಸಾಮ್ ಬರೀರಿ ಅಕ್ಕ' ಅಂತಿದಾರಲ್ಲೋ."