ಹತ್ತು ಜನರ ಬಾಟಲಿ

"ಹತ್ತು ಜನ ಆಗದೆ ಲಸಿಕೆ ಬಾಟಲಿ ತೆಗೆಯೋಕಾಗಲ್ಲ ಅಜ್ಜಿ. ತೆಗೆದ್ರೆ ಆರು ಗಂಟೆಯೊಳಗೆ ಖಾಲಿ ಮಾಡ್ಬೇಕು, ಇಲ್ದಿದ್ರೆ ಚೆಲ್ಲಬೇಕು. ನೀವು ನೋಡಿದ್ರೆ ಒಬ್ರೇ ಬಂದಿದ್ದೀರಿ," ಎಂದಳು ತಿವೊಂಗೆ ಎಂಬ ನರ್ಸ್.

ಮಲಾವಿ ಸರೋವರದ ದಂಡೆಯ ಆ ಪುಟ್ಟ ಆಸ್ಪತ್ರೆಗೆ ಕೋವಿಡ್ ಲಸಿಕೆ ಬಂದು ಹತ್ತು ದಿನಗಳಾಗಿದ್ದವು. ಇನ್ನೂ ಒಂದು ಬಾಟಲಿಯನ್ನೂ ತೆಗೆದಿರಲಿಲ್ಲ. ಚುಚ್ಚಿಸಿಕೊಳ್ಳುತ್ತೇನೆಂದು ತಾನಾಗಿ ಬಂದ ಮೊದಲನೆಯವಳು ಈ ನ್ಯಾಚಿರ್ವಾ ಅಜ್ಜಿ. ಎಪ್ಪತ್ತೊಂದು ವರ್ಷ, ಸಂತೆಯಲ್ಲಿ ಒಣಮೀನು ಮಾರುವವಳು. ಬಾಡಿಗೆ ಬೈಕಿನ ಹಿಂದೆ ಕೂತು, ತಲೆತುಂಬ ಧೂಳು ಮಾಡಿಕೊಂಡು ಬಂದಿದ್ದಳು.

"ಒಂದೆರಡು ವಾರ ಬಿಟ್ಟು ಬನ್ನಿ. ಜನ ಸೇರಿದ್ರೆ ಹೇಳಿ ಕಳಿಸ್ತೀನಿ."

"ಆಗಲ್ಲ ಮಗಳೇ. ಮುಂದಿನ ತಿಂಗಳು ನನ್ನ ಮದುವೆ."

ಮೇಜಿನ ಹಿಂದೆ ಕೂತು ಬರೆಯುತ್ತಿದ್ದ ವೈದ್ಯ ಸಹಾಯಕ ಲುಸುಂಗುವಿನ ಪೆನ್ನು ನಿಂತಿತು. ಅಜ್ಜಿ ಅವನತ್ತ ತಿರುಗಿದಳು.

"ಯಾಕಪ್ಪಾ, ಮದುವೆ ನಿಮ್ಮ ವಯಸ್ಸಿನವರಿಗೆ ಮಾತ್ರವಾ? ಲಿಕೋಮಾ ದ್ವೀಪದ ಮುದುಕ. ದೋಣಿ ಕಟ್ತಾನೆ. ಕೈ ಗಟ್ಟಿ, ಎದೆ ಮಾತ್ರ ಸರಿಯಿಲ್ಲ, ಎರಡು ಹೆಜ್ಜೆ ನಡೆದ್ರೆ ಉಬ್ಬಸ. ನಾನೋ ದಿನಾ ನೂರು ಜನರ ಮೂತಿ ಮುಂದೆ ಕೂತು ಮೀನು ಮಾರೋಳು. ಮದುವೆ ಉಡುಗೊರೆ ಅಂತ ಈ ರೋಗ ಹೊತ್ಕೊಂಡು ಹೋಗ್ಲಾ ಅವನ ಮನೆಗೆ?" ಅಷ್ಟು ಹೇಳಿ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು. "ಅದಿರ್ಲಿ, ಇಲ್ಲಿ ಕೆಲಸ ಮಾಡೋರು ಎಷ್ಟು ಜನ?"

"ಒಂಬತ್ತು."

"ನಾನೊಬ್ಳು ಸೇರಿದ್ರೆ ಹತ್ತಾಯ್ತಲ್ಲ! ತೆಗಿ ಬಾಟಲಿ."

ಕಸ ಗುಡಿಸುತ್ತಿದ್ದವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು.

"ನಾವು... ಇನ್ನೂ ತಗೊಂಡಿಲ್ಲ ಅಜ್ಜಿ," ಎಂದ ಲುಸುಂಗು ಕೊನೆಗೆ. "ಅವಧಿ ಮುಗಿಯೋಕೆ ಬಂದಿದ್ದನ್ನ ನಮ್ಮ ಕಡೆ ತಳ್ಳಿದ್ದಾರೆ ಅಂತಾರೆ. ಮಕ್ಕಳಾಗಲ್ಲ ಅಂತಲೂ ಅಂತಾರೆ. ನಂಗೆ ಮದುವೆಯಾಗಿ ಐದು ತಿಂಗಳೂ ಆಗಿಲ್ಲ."

"ಮಕ್ಕಳಾಗಲ್ವಾ? ಹಾಗಾದ್ರೆ ನನಗಂತೂ ಚಿಂತೆಯೇ ಇಲ್ಲ!" ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರನೂ ನಕ್ಕುಬಿಟ್ಟ. ಆಮೇಲೆ ಅಜ್ಜಿ ತಿವೊಂಗೆಯನ್ನೇ ದಿಟ್ಟಿಸಿದಳು. "ನಿಂದೇನಮ್ಮಾ?"

"ಎರಡು ಅಲೆ ಬಂದು ಹೋಯ್ತು. ಇದೇ ಕೈಯಲ್ಲಿ ರೋಗಿಗಳನ್ನ ನೋಡ್ಕೊಂಡೆ. ನಂಗೇನೂ ಆಗ್ಲಿಲ್ಲ. ಇನ್ನು ಯಾಕೆ ಅಂತ..."

"ನನ್ನ ಏಳು ಮೊಮ್ಮಕ್ಕಳಿಗೂ ಚುಚ್ಚಿದೋಳು ನೀನೇ. ಬಾಟಲೀಲಿ ಏನಿದೆ ಅಂತ ಒಂದು ದಿನಾನಾದ್ರೂ ಕೇಳಿದ್ನಾ? ನನಗೆ ಓದೋಕೆ ಬರಲ್ಲ. ನಿನ್ನ ಮುಖ ಓದ್ತಿದ್ದೆ. ಈವತ್ತು ನೋಡಿದ್ರೆ ಆ ಮುಖ ಗೋಡೆ ಕಡೆ ತಿರುಗಿದೆ."

ತಿವೊಂಗೆ ನಿಜವಾಗಿಯೂ ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಅವಳೇ ಅಂಟಿಸಿದ್ದ ಚಿತ್ರದಲ್ಲಿ ನರ್ಸೊಬ್ಬಳು ನಗುತ್ತ ತೋಳೊಡ್ಡಿ ನಿಂತಿದ್ದಳು. ಇಪ್ಪತ್ತನಾಲ್ಕು ವರ್ಷ ಊರಿನ ಕೂಸುಗಳ ತೊಡೆಗೆಲ್ಲ ಸೂಜಿ ಹಾಕಿದವಳು ಈ ಹತ್ತು ದಿನ ಒಂದಲ್ಲ ಒಂದು ನೆಪ ಹೇಳಿಕೊಂಡೇ ಬಂದಿದ್ದಳು. ಈಗ ನೆಪಗಳೆಲ್ಲ ಮುಗಿದು ಬಾಯಿಗೆ ಬಂದದ್ದು ಒಂದೇ ಮಾತು.

"ನಂಗೆ ಭಯ ಅಜ್ಜಿ."

"ಅಯ್ಯೋ, ಅದನ್ನ ಮೊದಲೇ ಹೇಳಬಾರದಿತ್ತಾ? ನಂಗೂ ಭಯ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ." ಅಜ್ಜಿ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾ, ಇಬ್ರು ಪುಕ್ಕಲಿಯರೂ ಒಟ್ಟಿಗೇ ಕೂರೋಣ."

ತಿವೊಂಗೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಂಪು ಪೆಟ್ಟಿಗೆಯಿಂದ ಬಾಟಲಿ ತೆಗೆದಳು. ಅದರ ಮೇಲಿನ ತಾರೀಕನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಅವಧಿ ಮುಗಿಯಲು ಇನ್ನೂ ಐದು ವಾರ ಇತ್ತು. "ಲುಸುಂಗು, ಮಕ್ಕಳ ವಿಷಯ ಸುಳ್ಳು ಅಂತ ತರಬೇತೀಲಿ ನನ್ನ ಪಕ್ಕದಲ್ಲೇ ಕೂತು ಬರ್ಕೊಂಡಿದ್ದೀಯ. ಕೈ ತೊಳ್ಕೊಂಡು ಬಾ. ಮೊದಲು ನಂಗೆ ಹಾಕು." ಅವನು ಕೈ ತೊಳೆದು ಬಂದು ಸೂಜಿ ಹಿಡಿದ. ಅಜ್ಜಿ ತಿವೊಂಗೆಯ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಕೂಸಿಗೆ ಹೇಳುವ ಹಾಗೆ, "ಆಯ್ತು, ಆಯ್ತು, ಮುಗೀತು," ಎಂದಳು. ನಿಜಕ್ಕೂ ಅಷ್ಟರಲ್ಲಿ ಮುಗಿದಿತ್ತು.

ಆಮೇಲೆ ಅಜ್ಜಿಗೆ, ಅದಾದ ಮೇಲೆ ಲುಸುಂಗುವಿಗೆ. ಪೊರಕೆ ಗೋಡೆಗೆ ಒರಗಿತು. ಕಾವಲುಗಾರ ಬಾಗಿಲು ಬಿಟ್ಟು ಬಂದ. ಉಳಿದವರೂ ಒಬ್ಬೊಬ್ಬರಾಗಿ ಬಂದು ತೋಳೊಡ್ಡಿದರು. ಔಷಧಿ ಕೊಡುವ ಮ್ಸಿಸ್ಕಾ ಮಾತ್ರ, "ನಾನು ಇನ್ನೂ ಯೋಚನೆ ಮಾಡ್ಬೇಕು," ಎಂದು ಒಳಗೆ ಹೋದ. ಯಾರೂ ಅವನನ್ನು ಹಂಗಿಸಲಿಲ್ಲ. ಅವನ ಪಾಲಿನ ಲಸಿಕೆ ಯಾರಿಗೆಂದು ಎಲ್ಲರೂ ಅತ್ತಿತ್ತ ನೋಡುತ್ತಿರುವಾಗ ಅಜ್ಜಿ ಹೊರಗೆ ಹೋಗಿ, ಮಾವಿನ ಮರದ ನೆರಳಲ್ಲಿ ಕಾಯುತ್ತಿದ್ದ ಬೈಕಿನವನ ತೋಳು ಹಿಡಿದು ಎಳೆದುಕೊಂಡು ಬಂದಳು. "ಇವನೂ ದಿನಾ ಎಲ್ಲರನ್ನೂ ಬೆನ್ನಿಗೆ ಅಂಟಿಸ್ಕೊಂಡು ತಿರುಗೋನೇ. ಸಿಸ್ಟರ್ ಕೇಳ್ತಾರೆ, ಒಪ್ಪಿಗೆ ಇದೆಯೋ ಇಲ್ವೋ ಹೇಳೋ." ಅವನು ನಾಚಿಕೊಂಡು ಇದೆ ಎಂದ. ಬಾಟಲಿ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ತಿವೊಂಗೆಗೆ ಸಣ್ಣಗೆ ಜ್ವರ. ತೋಳು ಎತ್ತಲಾಗದಷ್ಟು ನೋವು. ಆದರೂ ಕೆಲಸಕ್ಕೆ ಬಂದಳು. ನೋಡಿದರೆ ಆಸ್ಪತ್ರೆಯ ಗೇಟಿನ ಮುಂದೆ ಮೀನು ಸಂತೆಯ ಹೆಂಗಸರು, ಇಪ್ಪತ್ತಕ್ಕೆ ಕಮ್ಮಿಯಿಲ್ಲ, ಬುಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದರು. ಅವಳು ಖುಷಿಯಿಂದ ಓಡೋಡಿ ಹೋಗಿ ಸೂಜಿ ಸಿದ್ಧ ಮಾಡಿ ಕರೆದಳು. ಮುಂದೆ ನಿಂತ ದಪ್ಪನೆಯ ಹೆಂಗಸು ಕದಲಲಿಲ್ಲ.

"ನಮ್ದು ಆಮೇಲೆ. ಮೊದಲು ನಿಮ್ಮ ತೋಳು ತೋರ್ಸಿ ಸಿಸ್ಟರ್."

ತಿವೊಂಗೆ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಹೆಂಗಸು ಬಗ್ಗಿ ನೋಡಿ, ಮೀನು ತಾಜಾ ಇದೆಯೋ ಇಲ್ಲವೋ ಎಂದು ಒತ್ತಿ ನೋಡುವ ಹಾಗೆ, ಊದಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು.

"ಅಯ್ಯಯ್ಯೋ!" ಎಂದು ಕೂಗಿದಳು ತಿವೊಂಗೆ.

"ನಿಜ ಕಣ್ರೇ," ಎಂದು ಹಿಂದಿನವರಿಗೆ ಹೇಳಿ ಆ ಹೆಂಗಸು ತನ್ನ ಅಂಗಿಯ ತೋಳನ್ನೂ ಮೇಲಕ್ಕೆ ಮಡಚಿದಳು.